ಮುಖ ನಿಲ್ಲಲಿ, ಚಕ್ರ ತಿರುಗಲಿ

ನಾನು ಆಟೋಟಗಳ ಫೋಟೋ ತೆಗೆಯುವ ಕೆಲಸದಲ್ಲಿದ್ದೇನೆ. ತಂಡಕ್ಕೆ ಹೊಸದಾಗಿ ಸೇರಿದವರು ಮೊದಲು ಕೇಳುವುದು "ಶಟರ್ ಸ್ಪೀಡ್ ಎಷ್ಟು ಇಡಲಿ?" ಅಂತ. ಅಂದರೆ ಬೆಳಕು ಒಳಗೆ ಬರಲು ಕ್ಯಾಮೆರಾದ ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ. ನಾನು ತಿರುಗಿ ಕೇಳುತ್ತೇನೆ: ಈ ಚಿತ್ರದಲ್ಲಿ ಯಾವುದು ನಿಲ್ಲಬೇಕು, ಯಾವುದು ಓಡಬೇಕು? ಅದು ತೀರ್ಮಾನ ಆಗದೆ ಸುಮ್ನೆ ಒಂದು ನಂಬರ್ ಹೇಳಿ ಏನು ಪ್ರಯೋಜನ?

ಸೈಕಲ್ ರೇಸನ್ನೇ ನೋಡಿ. ಗಂಟೆಗೆ 36 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 10 ಮೀಟರ್. ಶಟರ್ 1/1000 ಸೆಕೆಂಡ್ ತೆರೆದಿದ್ದರೆ ಸವಾರ ಅಷ್ಟರಲ್ಲಿ 1 ಸೆಂ.ಮೀ. ಸರಿಯುತ್ತಾನೆ. 1/50ರಲ್ಲಿ 20 ಸೆಂ.ಮೀ. ಆದರೆ ನಿಜವಾಗಿ ಲೆಕ್ಕಕ್ಕೆ ಬರುವುದು ಅವನ ಬಿಂಬ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಎಷ್ಟು ಜಾರಿತು ಅನ್ನುವುದು. ನಮ್ಮ ಎದುರಿಗೇ ಬರುವವನು ಅಡ್ಡಡ್ಡ ಹೋಗುವವನಷ್ಟು ಬ್ಲರ್ ಆಗುವುದಿಲ್ಲ. ಉದ್ದ ಲೆನ್ಸ್ ಹಾಕಿದರೆ, ಹತ್ತಿರ ಹೋಗಿ ನಿಂತರೆ, ಅದೇ ವೇಗ ಜಾಸ್ತಿ ಬ್ಲರ್ ಆಗಿ ಕಾಣುತ್ತದೆ.

ಬೆಳಕು ಚೆನ್ನಾಗಿದ್ದರೆ 1/2000 ಇಟ್ಟು ಎಲ್ಲವನ್ನೂ ನಿಲ್ಲಿಸಿಬಿಡಬಹುದು. ಆಗ ಚಕ್ರದ ಸ್ಪೋಕ್‌ಗಳೂ ಎಣಿಸುವಷ್ಟು ಶಾರ್ಪ್ ಆಗುತ್ತವೆ. ಸವಾರ ಸ್ಟ್ಯಾಂಡ್ ಹಾಕಿದ ಸೈಕಲ್ ಮೇಲೆ ಕೂತ ಹಾಗೆ ಕಾಣುತ್ತಾನೆ. ಅವನು ಪಟ್ಟ ಶ್ರಮ ಚಿತ್ರಕ್ಕೆ ಬರುವುದೇ ಇಲ್ಲ. ನನಗೆ ಇದು ಅವನಿಗೆ ಮಾಡಿದ ಅನ್ಯಾಯ ಅನಿಸುತ್ತದೆ.

ಅದಕ್ಕೇ ಪ್ಯಾನಿಂಗ್, ಅಂದರೆ ಸವಾರನ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ಫೋಟೋ ತೆಗೆಯುವುದನ್ನು ಕಲಿಯಿರಿ ಅಂತ ಎಲ್ಲರಿಗೂ ಹೇಳುತ್ತೇನೆ. 1/60ರಿಂದ ಶುರು ಮಾಡಿ, ಕೈ ಕುದುರಿದ ಮೇಲೆ 1/30ಕ್ಕೆ ಇಳಿಯಿರಿ. ಸವಾರ ನಿಮ್ಮ ಮುಂದೆ ಬರುವ ಜಾಗಕ್ಕೆ ಪಾದ ತಿರುಗಿಸಿ ಗಟ್ಟಿಯಾಗಿ ಊರಿ. ಅವನು ದೂರದಲ್ಲಿರುವಾಗಲೇ ಸೊಂಟದಿಂದ ಅವನ ಕಡೆಗೆ ತಿರುಗಿ, ಫೋಕಸ್ ಬಿಂದುವನ್ನು ಮುಖದ ಮೇಲಿಟ್ಟು ಅವನ ಜೊತೆ ಸಾಗಿ. ಬಟನ್ ಮೆತ್ತಗೆ ಒತ್ತಿ. ಕ್ಲಿಕ್ ಆದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಪ್ಯಾನಿಂಗ್ ಹಾಳಾಗುವುದು ಹೆಚ್ಚಾಗಿ ಇಲ್ಲೇ: ಬೆರಳು ಒತ್ತಿದ ಕೂಡಲೇ ಮೈ ತಾನಾಗಿ ನಿಂತುಬಿಡುತ್ತದೆ. ಎಲ್ಲ ಸರಿಹೋದರೆ ಮುಖ ಶಾರ್ಪ್ ಇರುತ್ತದೆ, ಸ್ಪೋಕ್‌ಗಳು ಕರಗುತ್ತವೆ, ಹಿನ್ನೆಲೆ ಗೆರೆಗೆರೆಯಾಗಿ ಹಿಂದಕ್ಕೆ ಹರಿಯುತ್ತದೆ. ಬಹಳಷ್ಟು ಫ್ರೇಮ್ ಕೆಡುತ್ತವೆ, ನಿಜ. ಹಾಗಾಗಿ ಮೊದಲ ಸುತ್ತುಗಳಲ್ಲಿ ವೇಗದ ಶಟರ್ ಇಟ್ಟು ಕೊಡಬೇಕಾದ ಚಿತ್ರಗಳನ್ನು ಮುಗಿಸಿ, ಆಮೇಲೆ ಪ್ಯಾನಿಂಗಿಗೆ ಇಳಿಯಿರಿ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಉರುಳುವ ಚಕ್ರದ ಮೇಲ್ತುದಿ ಸೈಕಲ್ಲಿನ ಎರಡರಷ್ಟು ವೇಗದಲ್ಲಿ ಮುಂದೆ ಹೋಗುತ್ತಿರುತ್ತದೆ. ನೆಲಕ್ಕೆ ತಾಗಿದ ಬಿಂದು ಆ ಕ್ಷಣಕ್ಕೆ ನಿಂತೇ ಇರುತ್ತದೆ. ಕ್ಯಾಮೆರಾ ಅಲುಗಿಸದೆ ತೆಗೆದ ಚಿತ್ರದಲ್ಲಿ ಕೆಳಗಿನ ಸ್ಪೋಕ್ ಸ್ಪಷ್ಟ, ಮೇಲಿನದ್ದು ಬ್ಲರ್. ಓಟಗಾರರಲ್ಲೂ ಹಾಗೇ ಅಲ್ವಾ? ನೆಲಕ್ಕೂರಿದ ಪಾದ ಶಾರ್ಪ್, ಬೀಸುವ ಕೈ ಬ್ಲರ್.

ಲೆನ್ಸಿನ ಸ್ಟೆಬಿಲೈಸರ್ ನಂಬಿಕೊಂಡು ಶಟರ್ ಇಳಿಸುವವರಿಗೆ ಒಂದು ಮಾತು. ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಆಟಗಾರನನ್ನಲ್ಲ.

ಹಾಗಂತ ಎಲ್ಲವನ್ನೂ ನಿಲ್ಲಿಸಿದ ಚಿತ್ರ ಕೀಳು ಅಂತಲ್ಲ. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಫೋಟೋಗ್ರಾಫರ್ ಓಡುವ ಕುದುರೆಯ ಚಿತ್ರಗಳನ್ನು ಸಾಲು ಕ್ಯಾಮೆರಾಗಳಲ್ಲಿ ತೆಗೆದರು. ನಾಲ್ಕೂ ಗೊರಸು ನೆಲ ಬಿಡುತ್ತವೆ, ಅದೂ ಕಾಲು ಚಾಚಿದಾಗಲ್ಲ, ಹೊಟ್ಟೆಯಡಿ ಮಡಚಿದಾಗ ಅನ್ನುವುದು ಅವುಗಳಲ್ಲಿ ಕಂಡಿತು. ಬರಿಗಣ್ಣಿಗೆ ಸಿಗದ್ದನ್ನು ತೋರಿಸಬೇಕಾದಾಗ ನಾನೂ ಹಿಂದೆಮುಂದೆ ನೋಡದೆ 1/2000ಕ್ಕೆ ಹೋಗುತ್ತೇನೆ.

ಒಳಾಂಗಣದಲ್ಲಿ ಅಷ್ಟು ಬೆಳಕು ಇರುವುದಿಲ್ಲ. ಜಿಮ್ನಾಸ್ಟ್ ಮೇಲೆ ಹಾರಿದಾಗ ತುತ್ತತುದಿಯಲ್ಲಿ ಮೇಲ್ಮುಖ ವೇಗ ಸೊನ್ನೆಯಾಗುತ್ತದೆ. ನೆಟ್ಟಗೆ ಹಾರಿದ್ದರೆ, ಗಾಳಿಯಲ್ಲಿ ತಿರುಗದೇ ಇದ್ದರೆ, ಆ ಕ್ಷಣಕ್ಕೆ 1/250 ಕೂಡ ಸಾಕಾಗಬಹುದು. ಅದು ಕಣ್ಣಿಗೆ ಕಂಡ ಮೇಲೆ ಒತ್ತಿದರೆ ತಡವಾಯಿತು. ಅಭ್ಯಾಸದ ಹೊತ್ತಿನಲ್ಲೇ ಹೋಗಿ ಅವರ ಲಯ ನೋಡಿಕೊಂಡು, ಸ್ವಲ್ಪ ಮೊದಲೇ ಒತ್ತಬೇಕು.