‘ಬೆಸ್ಟ್ ಪಿಕಪ್ ಯಾವುದು?’ ಅಂತ ಕೇಳುವವರಿಗೆ

“ಸರ್, ನನ್ನ ಸ್ಟ್ರಾಟ್‌ಗೆ ಬೆಸ್ಟ್ ಸಿಂಗಲ್ ಕಾಯಿಲ್ ಪಿಕಪ್ ಯಾವುದು? ಹಾಕಿಸ್ಬೇಕು.”

ಸ್ಟ್ರಾಟ್ ಅಂದರೆ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್. ಪಿಕಪ್ ಅಂದರೆ ತಂತಿಗಳ ಕೆಳಗೆ ಕೂತು ಅವುಗಳ ಅಲುಗಾಟವನ್ನು ವಿದ್ಯುತ್ತಾಗಿಸುವ ಮ್ಯಾಗ್ನೆಟ್ ಮತ್ತು ವೈರಿನ ಸುರುಳಿ, ಅಂದರೆ ಕಾಯಿಲ್. ಸ್ಟ್ರಾಟಿನಲ್ಲಿ ಇವು ಮೂರು: ಕುತ್ತಿಗೆ ಕಡೆಯದು ನೆಕ್, ನಡುವಿನದು ಮಿಡಲ್, ತಂತಿಯ ಬುಡದ ಕಡೆಯದು ಬ್ರಿಡ್ಜ್. ಆ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುವುದು. ಚಿಕ್ಕ ಉತ್ತರ ಬೇಕಾದವರಿಗೆ: ಅಲ್ನಿಕೊ (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಮಿಶ್ರಲೋಹ) 5 ಮ್ಯಾಗ್ನೆಟ್, 42 ಗೇಜ್ ವೈರ್, 6 ಕೆ (ಕಿಲೋಓಮ್) ಆಸುಪಾಸಿನ ರೆಸಿಸ್ಟೆನ್ಸ್, ಮಿಡಲ್ ಪಿಕಪ್ಪಿನದು ಮಾತ್ರ ಸುತ್ತೂ ಮ್ಯಾಗ್ನೆಟ್ಟೂ ಉಲ್ಟಾ ಇರುವ ಸೆಟ್. ಯಾವ ಒಳ್ಳೆ ಕಂಪನಿಯದ್ದಾದರೂ ಸರಿ, ಹೋಗಿ ತಗೊಳ್ಳಿ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ಎದ್ದು ಹೋಗಬಹುದು. ಸಾಲದು ಅನ್ನುವವರು ಸ್ವಲ್ಪ ಬೈಸಿಕೊಳ್ಳಲು ತಯಾರಾಗಿ.

ಈಗಿರುವ ಪಿಕಪ್ಪಿನಲ್ಲಿ ಏನು ಹಿಡಿಸ್ತಿಲ್ಲ ಅಂದರೆ “ಸೌಂಡ್ ಸರಿ ಇಲ್ಲ” ಅಂತೀರಿ. ಮೂರರಲ್ಲಿ ಯಾವುದರ ಸೌಂಡು? “ಎಲ್ಲಾದ್ರದ್ದೂ.” ಹೇಗಿರಬೇಕು? “ವಾರ್ಮ್ ಆಗಿರ್ಬೇಕು.” ವಾರ್ಮ್ ಆಗಿರಬೇಕಾದರೆ ಸ್ವೆಟರ್ ತಗೊಳ್ಳಿ. ಇಂಗ್ಲಿಷ್ ವಿಡಿಯೊಗಳಿಂದ ಎತ್ತಿಕೊಂಡ ಈ ಪದಗಳನ್ನು ಪಕ್ಕಕ್ಕಿಟ್ಟು ಕನ್ನಡದಲ್ಲಿ ಹೇಳಿ ನೋಡೋಣ. ಕೀರಲು. ಮಂಕು. ಮೂಗಿನ ದನಿ. ಗುಂಯ್ ಅನ್ನುತ್ತೆ. ನಿಮ್ಮ ದೂರು ಈ ನಾಲ್ಕರಲ್ಲಿ ಯಾವುದು ಅಂತ ಹೇಳಿದರೂ ಅರ್ಧ ಕೆಲಸ ಮುಗಿಯಿತು, ಯಾಕೆಂದರೆ ಒಂದೊಂದಕ್ಕೂ ಬೇರೆ ಬೇರೆ ಕಾರಣವಿದೆ. ಆ ಕಾರಣಗಳಲ್ಲಿ ಎಷ್ಟೋ ಪಿಕಪ್ಪಿಗೆ ಸಂಬಂಧಪಟ್ಟವೇ ಅಲ್ಲ.

ಇನ್ನೊಂದು ಗುಂಪಿನವರು ಪೂರ್ತಿ ಓದಿಕೊಂಡೇ ಬಂದಿರುತ್ತಾರೆ. ಅವರ ಪ್ರಶ್ನೆ “ಎಷ್ಟು ಕೆ ಇದೆ?” 6 ಕೆಗಿಂತ 7 ಜೋರು, 7ಕ್ಕಿಂತ 13 ಇನ್ನೂ ಜೋರು ಅಂತ ಲೆಕ್ಕ. ಈ ‘ಕೆ’ ಅಂದರೆ ಕಾಯಿಲ್‌ನಲ್ಲಿರುವ ತಾಮ್ರದ ರೆಸಿಸ್ಟೆನ್ಸ್, ಅಷ್ಟೇ. ವೈರ್ ಸಣ್ಣದಾದರೆ ಸುತ್ತು ಹೆಚ್ಚಾಗದೆಯೂ ಅದು ಏರುತ್ತದೆ. 42ರ ಬದಲು 43 ಗೇಜಲ್ಲಿ (ಗೇಜ್ ಹೆಚ್ಚಾದಷ್ಟೂ ವೈರ್ ಸಣ್ಣ) ಅಷ್ಟೇ ಸುತ್ತು ಸುತ್ತಿದರೆ ನಾಲ್ಕನೇ ಒಂದು ಭಾಗದಷ್ಟು ಹೆಚ್ಚು ತೋರಿಸುತ್ತದೆ. ಟೆಲಿಕಾಸ್ಟರ್‌ನ ನೆಕ್ ಪಿಕಪ್ 43 ಗೇಜಿನದು. ಮೀಟರಿನಲ್ಲಿ ಬ್ರಿಡ್ಜ್ ಪಿಕಪ್ಪಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿಯೇ ತೋರಿಸುತ್ತದೆ, ಹಾಗಂತ ಅದು ಜೋರಾಗಿ ನುಡಿಯುವುದಿಲ್ಲ. ಇದೂ ಹೋಗಲಿ, ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಶೇ. 0.39ರಷ್ಟು ಏರುತ್ತದೆ. ಮಡಿಕೇರಿಯ ಡಿಸೆಂಬರ್ ಬೆಳಗ್ಗೆ 15 ಡಿಗ್ರಿಯಲ್ಲಿ 6 ಕೆ ತೋರಿಸಿದ ಪಿಕಪ್ಪು ರಾಯಚೂರಿನ ಮೇ ಮಧ್ಯಾಹ್ನ 40 ಡಿಗ್ರಿಯಲ್ಲಿ 6.6 ತೋರಿಸುತ್ತದೆ. ಬಸ್ ಚಾರ್ಜಲ್ಲೇ ‘ಹಾಟ್’, ಅಂದರೆ ಜೋರಿನ, ಪಿಕಪ್ ಸಿಕ್ಕಿತಲ್ಲ!

ಕೇಳುವುದಾದರೆ ಇಂಡಕ್ಟೆನ್ಸ್ (ಕರೆಂಟಿನ ಏರಿಳಿತಕ್ಕೆ ಕಾಯಿಲ್ ಒಡ್ಡುವ ತಡೆ) ಕೇಳಿ. ಹಳೇ ಮಾದರಿಯ ಸ್ಟ್ರಾಟ್ ಪಿಕಪ್ಪಿನದು ಸುಮಾರು 2ರಿಂದ 2.5 ಹೆನ್ರಿ. 3 ದಾಟಿದರೆ ದನಿ ದಪ್ಪಗಾಗಿ ಮೇಲಿನ ಮಿಂಚು ಕಮ್ಮಿಯಾಗುತ್ತದೆ. ಅದಕ್ಕೆ ಕಾರಣವೂ ಸರಳ. ಕಾಯಿಲ್‌ನ ಇಂಡಕ್ಟೆನ್ಸ್ ಮತ್ತು ನಿಮ್ಮ ಕೇಬಲ್‌ನ ಕೆಪ್ಯಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಡುವ ಗುಣ) ಸೇರಿ ಒಂದು ಆವರ್ತನದ ಸುತ್ತ ದನಿ ಏರಿಸಿ ಗುಡ್ಡ ಎಬ್ಬಿಸುತ್ತವೆ. ನಾವು ಸ್ಟ್ರಾಟಿನ ದನಿ ಅನ್ನುವುದು ಮುಖ್ಯವಾಗಿ ಆ ಗುಡ್ಡವನ್ನೇ. 2.3 ಹೆನ್ರಿಯ ಪಿಕಪ್ಪಿಗೆ ಮೀಟರಿಗೆ 100 ಪಿಕೊಫ್ಯಾರಡ್ ಇರುವ 3 ಮೀಟರ್ ಕೇಬಲ್ ಚುಚ್ಚಿದರೆ, ಕಾಯಿಲ್‌ನದೇ ಸುಮಾರು 100 ಸೇರಿ, ಗುಡ್ಡ ಸುಮಾರು 5,200 ಹರ್ಟ್ಸ್‌ನಲ್ಲಿ ಏಳುತ್ತದೆ. ಅದೇ ತರಹದ 9 ಮೀಟರ್ ಕೇಬಲ್ ಚುಚ್ಚಿದರೆ 3,300ಕ್ಕೆ ಇಳಿಯುತ್ತದೆ. ಅಂದರೆ ಕೇಬಲ್ ಬದಲಿಸಿದ್ದಕ್ಕೇ ಪಿಕಪ್ ಬದಲಿಸಿದಷ್ಟು ವ್ಯತ್ಯಾಸ. ದನಿ ಮಂಕು ಅನ್ನುವವರು ಮೊದಲು ಹೊಸ ತಂತಿ ಹಾಕಿ, ಆಮೇಲೆ ಚಿಕ್ಕ ಕೇಬಲ್ ಹಾಕಿ, ಆಮೇಲೆ ಮಾತಾಡೋಣ.

ಮೀಟರನ್ನು ಪೂರ್ತಿ ಎಸೆಯಬೇಕಿಲ್ಲ. ಕೆಟ್ಟಿದೆಯೋ ಇಲ್ಲವೋ ನೋಡಲು ಅದು ಬಂಗಾರ. ಗಿಟಾರ್ ಬಿಚ್ಚುವುದೂ ಬೇಡ: ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಇಟ್ಟು, ಇನ್ನೊಂದು ತುದಿಯ ಜ್ಯಾಕಿನ ಮೂತಿಗೂ ಮೈಗೂ ಮೀಟರ್ ಹಿಡಿಯಿರಿ. 6 ಕೆ ಪಿಕಪ್ಪಾದರೆ 5.86ರ ಹತ್ತಿರ ತೋರಿಸುತ್ತದೆ, ಯಾಕೆಂದರೆ ವಾಲ್ಯೂಮಿನ 250 ಕೆ ಪಾಟ್ (ನಾಬ್ ಕೆಳಗಿರುವ, ತಿರುಗಿಸುವ ರೆಸಿಸ್ಟರ್) ಪಕ್ಕದಲ್ಲೇ ಸಮಾನಾಂತರವಾಗಿ ಕೂತಿದೆ. ಸೀದಾ 250 ತೋರಿಸಿದರೆ ಕಾಯಿಲ್ ತುಂಡಾಗಿದೆ, ಇಲ್ಲವೇ ಅದರ ವೈರ್ ಬಿಟ್ಟಿದೆ. ಸೊನ್ನೆ ತೋರಿಸಿದರೆ ಎಲ್ಲೋ ಶಾರ್ಟ್.

ಇಷ್ಟು ವರ್ಷದಲ್ಲಿ ಒಬ್ಬರೂ ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ ಬೇರೆಯೇ ಇದೆ: “ಪಿಕಪ್ ಎಷ್ಟು ಎತ್ತರದಲ್ಲಿರಬೇಕು?”

ಇದಕ್ಕೆ ಬೇಕಾಗಿರುವುದು ಒಂದು ಸ್ಕ್ರೂಡ್ರೈವರ್. ಆರನೇ (ಎಲ್ಲಕ್ಕಿಂತ ದಪ್ಪ) ತಂತಿಯನ್ನು ಕೊನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ತಂತಿಯ ತಳದಿಂದ ಪೋಲ್ ಪೀಸಿನ (ಪಿಕಪ್ಪಿನ ಮೇಲೆ ಕಾಣುವ ಆರು ಕೋಲುಗಳಲ್ಲಿ ಆ ತಂತಿಯದರ) ತಲೆವರೆಗೆ ಅಳೆಯಿರಿ. ಹಳೇ ಮಾದರಿಯ ಅಲ್ನಿಕೊ 5 ಪಿಕಪ್ಪಿಗೆ ಅಲ್ಲಿ 2.4 ಮಿ.ಮೀ., ಒಂದನೇ ತಂತಿ ಕಡೆ 2 ಮಿ.ಮೀ. ಇಟ್ಟುಕೊಂಡು ಶುರು ಮಾಡಿ. ಫೀಲರ್ ಗೇಜ್ ಇಲ್ಲವೇ? ಅವಧಿ ಮುಗಿದ ಎಟಿಎಂ ಕಾರ್ಡ್ ಇದ್ದೇ ಇರುತ್ತದೆ. ಒಂದರ ದಪ್ಪ 0.76 ಮಿ.ಮೀ. ಮೂರು ಸೇರಿದರೆ 2.3, ಹೆಚ್ಚುಕಮ್ಮಿ ನಿಮ್ಮ ಅಳತೆ. ಕಾರ್ಡಿನ ಉಬ್ಬು ಅಕ್ಷರ ಇರುವ ಭಾಗ ಮಾತ್ರ ಬೇಡ.

ಅಲ್ಲಿಂದ ಮುಂದೆ ಕಿವಿಯ ಕೆಲಸ. ತಂತಿ ಬ್ರಿಡ್ಜ್ ಹತ್ತಿರ ಕಮ್ಮಿ ಅಲುಗುತ್ತದೆ, ನೆಕ್ ಹತ್ತಿರ ಜಾಸ್ತಿ. ಹಾಗಾಗಿ ಬ್ರಿಡ್ಜ್ ಪಿಕಪ್ ಎತ್ತರಕ್ಕೆ, ನೆಕ್ ಪಿಕಪ್ ತಗ್ಗಿಗೆ. ಆಂಪನ್ನು ಡಿಸ್ಟಾರ್ಷನ್ ಇಲ್ಲದೆ ಇಟ್ಟು, ಕಾಲು ಕಾಲು ಸುತ್ತು ತಿರುಗಿಸುತ್ತಾ, ಸ್ವಿಚ್ ಆಚೀಚೆ ಮಾಡಿದರೆ ಮೂರೂ ಒಂದೇ ಜೋರಿಗೆ ಬರುವ ತನಕ ಮಾಡಿ. ಅರ್ಧ ಮಿ.ಮೀ. ವ್ಯತ್ಯಾಸ ಸ್ಪಷ್ಟವಾಗಿ ಕೇಳಿಸುತ್ತದೆ. ಹತ್ತಿರ ತಂದಷ್ಟೂ ಒಳ್ಳೆಯದು ಅಂತ ಸುಮ್ಮನೆ ಮೇಲೆತ್ತಬೇಡಿ. ಅಲ್ನಿಕೊ ಕೋಲುಗಳು ತಂತಿಯನ್ನು ಎಳೆಯುತ್ತವೆ. ಆರನೇ ತಂತಿಯನ್ನು 12ನೇ ಫ್ರೆಟ್‌ನಿಂದ ಮೇಲೆ ನುಡಿಸಿದಾಗ ಒಂದು ಸ್ವರದ ಬದಲು ಎರಡು ಸ್ವರ ಜಗಳವಾಡಿದಂತೆ ಅಲೆ ಅಲೆಯಾಗಿ ಕೇಳಿದರೆ, ಶ್ರುತಿಯೇ ನಿಲ್ಲದಿದ್ದರೆ, ನೆಕ್ ಪಿಕಪ್ ಬಾಸ್ ಕಡೆ ತೀರಾ ಮೇಲಿದೆ. ಬ್ರಿಡ್ಜಿನಲ್ಲಿ ತಂತಿ ಕೂರುವ ಸ್ಯಾಡಲ್ ತಿರುಗಿಸಿ ತಿರುಗಿಸಿ ಇಂಟೊನೇಷನ್ (ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಕೂಡುವುದು) ಸರಿ ಮಾಡಲು ಹೆಣಗುವವರಲ್ಲಿ ಎಷ್ಟೋ ಜನರ ನಿಜವಾದ ರೋಗ ಇದು. ಒಂದೂವರೆ ಸುತ್ತು ಕೆಳಗಿಳಿಸಿದರೆ ಗುಣ.

ನೆಕ್ ಪಿಕಪ್ ಮಂಕು ಅನ್ನುವ ದೂರೂ ಅರ್ಧಕ್ಕರ್ಧ ಇಲ್ಲೇ ಹೋಗುತ್ತದೆ. ಬಾಸ್ ಕಡೆ ಇಳಿಸಿ, ಟ್ರೆಬಲ್ ಕಡೆ ಹಾಗೇ ಬಿಡಿ.

ಕೀರಲಿನ ಕಥೆ ಬೇರೆ. ಸ್ಟ್ರಾಟಿನ ಹಳೇ ವೈರಿಂಗಿನಲ್ಲಿ ಬ್ರಿಡ್ಜ್ ಪಿಕಪ್ಪಿಗೆ ಟೋನ್ ಕಂಟ್ರೋಲೇ ಇಲ್ಲ. ಎರಡು ಟೋನ್ ನಾಬ್‌ಗಳಲ್ಲಿ ಒಂದು ನೆಕ್‌ಗೆ, ಇನ್ನೊಂದು ಮಿಡಲ್‌ಗೆ. ಕೀರಲು ಅಂತ ಗೋಳಾಡುವವರ ಬ್ರಿಡ್ಜ್ ಪಿಕಪ್ ಬೆತ್ತಲೆ ನಿಂತಿರುತ್ತದೆ, ಅಷ್ಟೇ. ಸ್ವಿಚ್ಚಿನಲ್ಲಿ ಟೋನ್ ಕಡೆಯ ಸಾಲಲ್ಲಿ ಬ್ರಿಡ್ಜಿನ ಖಾಲಿ ಕಾಲಿನಿಂದ ಪಕ್ಕದ ಮಿಡಲ್ ಕಾಲಿಗೆ ಒಂದಿಂಚು ವೈರ್ ಬೆಸೆದರೆ ಎರಡನೇ ಟೋನ್ ನಾಬ್ ಬ್ರಿಡ್ಜಿಗೂ ಕೆಲಸ ಮಾಡುತ್ತದೆ. ಜೊತೆಗೆ ಪಾಟ್ ಎಷ್ಟರದು ನೋಡಿ. ಸಿಂಗಲ್ ಕಾಯಿಲ್‌ಗೆ 250 ಕೆ. ಹಂಬಕರ್ (ಜೋಡಿ ಕಾಯಿಲ್ ಪಿಕಪ್) ಇರುವ ಗಿಟಾರ್‌ಗಳಲ್ಲಿ 500 ಕೆ ಹಾಕಿರುತ್ತಾರೆ, ಅದು ಸಿಂಗಲ್ ಕಾಯಿಲ್‌ನ ಮಿಂಚನ್ನು ಇನ್ನೂ ಚೂಪು ಮಾಡುತ್ತದೆ.

ಇಷ್ಟೆಲ್ಲ ಮಾಡಿಯೂ ಸಮಾಧಾನ ಇಲ್ಲವೇ? ಈಗ ಪಿಕಪ್ ಕೊಳ್ಳುವ ಮಾತು. ನಿಮ್ಮದನ್ನು ಬಿಚ್ಚಿ ಬೆನ್ನು ನೋಡಿ. ತಳದಲ್ಲಿ ಕಪ್ಪಗೆ ಒಂದೋ ಎರಡೋ ಪಟ್ಟಿ ಅಂಟಿಸಿದ್ದರೆ ಅದು ಸೆರಾಮಿಕ್ ಮ್ಯಾಗ್ನೆಟ್, ಮೇಲೆ ಕಾಣುವ ಆರು ಕೋಲುಗಳು ಬರೀ ಉಕ್ಕು. ಆರು ಕೋಲುಗಳೇ ತಳದ ತನಕ ಬಂದು ಪಟ್ಟಿ ಇಲ್ಲದಿದ್ದರೆ ಅಲ್ನಿಕೊ. ಸೆರಾಮಿಕ್ ಅಂದರೆ ಕರ್ಕಶ ಅನ್ನುವ ಮಾತು ಎಲ್ಲರ ಬಾಯಲ್ಲಿದೆ. ಉಕ್ಕಿನ ಕೋಲು ಇಂಡಕ್ಟೆನ್ಸ್ ಏರಿಸಿ ಆ ಗುಡ್ಡವನ್ನು ಸವೆಸುತ್ತದೆ, ಹಾಗಾಗಿ ಅವುಗಳಲ್ಲಿ ಹಲವು ಕರ್ಕಶಕ್ಕಿಂತ ಮೊಂಡು. ಸೆರಾಮಿಕ್ಕಿನಿಂದ ಅಲ್ನಿಕೊಗೆ ಹೋಗುವವರಿಗೆ ವ್ಯತ್ಯಾಸ ಢಾಳಾಗಿ ಕೇಳುತ್ತದೆ. ಆಗಲೇ ಅಲ್ನಿಕೊ ಇರುವವರು ಇನ್ನೊಂದು 6 ಕೆ ಅಲ್ನಿಕೊ ಸೆಟ್ ಹಾಕಿ ಆಕಾಶ ಕೆಳಗಿಳಿಯುತ್ತದೆ ಅಂತ ಕಾಯಬೇಡಿ.

ಸೆಮೌರ್ ಡಂಕನ್ ಎಸ್‌ಎಸ್‌ಎಲ್-1 ಹಳೇ ದನಿಗೆ ಕಣ್ಣು ಮುಚ್ಚಿ ಹೇಳಬಹುದಾದದ್ದು. ಸ್ವಲ್ಪ ಮೈ ತುಂಬಿದ ದನಿ ಬೇಕಾದರೆ ಫೆಂಡರ್ ಟೆಕ್ಸಸ್ ಸ್ಪೆಷಲ್, ಬ್ರಿಡ್ಜಿನದು 7 ಕೆ ಹತ್ತಿರ. ಬ್ರಿಡ್ಜ್ ಒಂದಕ್ಕೇ ದಪ್ಪ ದನಿ ಬೇಕಾದವರಿಗೆ ಎಸ್‌ಎಸ್‌ಎಲ್-5. ಆದರೆ ಅದರ ಪಕ್ಕದಲ್ಲಿ 6 ಕೆ ಮಿಡಲ್ ಇಟ್ಟರೆ ಸ್ವಿಚ್ಚಿನ ಎರಡನೇ ಪೊಸಿಷನ್ನಿನ (ಬ್ರಿಡ್ಜ್, ಮಿಡಲ್ ಜೊತೆಗೂಡುವಲ್ಲಿನ) ಗಂಟೆಯಂಥ ದನಿ ಮಸುಕಾಗುತ್ತದೆ, ಆಮೇಲೆ ನನಗೆ ಹೇಳಬೇಡಿ. ನೆಕ್‌ಗೆ ಮೆತ್ತಗೆ ಬೇಕಾದರೆ ಅಲ್ನಿಕೊ 2 ಅಥವಾ 3. ಅಂದಹಾಗೆ 3 ಅನ್ನುವುದು 2ಕ್ಕಿಂತ ಗಟ್ಟಿ ಅಲ್ಲ, ಇನ್ನೂ ಮೆತ್ತಗೆ. ಅದರಲ್ಲಿ ಕೋಬಾಲ್ಟೇ ಇಲ್ಲ.

ದುಡ್ಡು ಕೊಡುವ ಮುಂಚೆ ಎರಡು ಅಳತೆ. ಮೊದಲನೇ ಪೋಲ್ ಪೀಸಿನ ನಡುವಿನಿಂದ ಆರನೆಯದರ ನಡುವಿಗೆ ಎಷ್ಟು? ಅಮೆರಿಕದ ಮಾದರಿ 52 ಮಿ.ಮೀ. ಚಿಲ್ಲರೆ, ಏಷ್ಯಾದಲ್ಲಿ ತಯಾರಾದ ಎಷ್ಟೋ ಗಿಟಾರ್‌ಗಳ ನೆಕ್ ಮತ್ತು ಮಿಡಲ್ 50. ಪ್ಲಾಸ್ಟಿಕ್ ಕವರ್ ಹೊಂದದೆ ಹೋಗುವುದು ಇಲ್ಲೇ. ಕವರ್ ಜೊತೆಗೇ ಬರುವ ಸೆಟ್ ತಗೊಳ್ಳಿ. ಎರಡನೆಯದು ಪೋಲ್ ಪೀಸುಗಳ ಎತ್ತರ. ಹಳೇ ಮಾದರಿಯಲ್ಲಿ ಮೂರನೇ ತಂತಿಯ ಕೋಲು ಉದ್ದ, ಎರಡನೆಯದರದು ಗಿಡ್ಡ, ಯಾಕೆಂದರೆ 50ರ ದಶಕದಲ್ಲಿ ಮೂರನೆಯದು ಸುತ್ತು ತಂತಿ. ಈಗ ನಾವು ಹಾಕುವುದು ಬೋಳು ತಂತಿ, ಅದು ಉದ್ದದ ಕೋಲಿನ ಮೇಲೆ ಕಿರುಚುತ್ತದೆ. ಚಪ್ಪಟೆ ಫ್ರೆಟ್‌ಬೋರ್ಡ್ ಇರುವವರು ಎಲ್ಲ ಕೋಲೂ ಸಮ ಇರುವುದನ್ನೇ ತಗೊಳ್ಳಿ.

ಇನ್ನು ಗುಂಯ್. ಗಿಟಾರ್ ಹಿಡಿದು ನಿಂತಲ್ಲೇ ಗಿರ್ರನೆ ಒಂದು ಸುತ್ತು ಬನ್ನಿ. ದಿಕ್ಕಿಗೆ ತಕ್ಕಂತೆ ಸದ್ದು ಏರಿಳಿದರೆ ಅದು 50 ಹರ್ಟ್ಸ್ ಕಾಂತಕ್ಷೇತ್ರ ಕಾಯಿಲ್‌ಗೆ ಹೊಕ್ಕಿದ್ದು. ತಾಮ್ರದ ಫಾಯಿಲ್ ಎಷ್ಟು ಅಂಟಿಸಿದರೂ ಹೋಗುವುದಿಲ್ಲ. ಹಳೇ ಟ್ಯೂಬ್‌ಲೈಟಿನ ಚೋಕ್, ಆಂಪಿನ ಟ್ರಾನ್ಸ್‌ಫಾರ್ಮರ್, ಇವುಗಳಿಂದ ದೂರ ಹೋಗಿ, ಇಲ್ಲವೇ ಮಿಡಲ್ ಇನ್ನೊಂದರ ಜೊತೆಗೂಡುವ ಎರಡನೇ ಅಥವಾ ನಾಲ್ಕನೇ ಪೊಸಿಷನ್ನಿಗೆ ಹೋಗಿ. ಮಿಡಲ್ ಉಲ್ಟಾ ಸುತ್ತಿದ್ದಾದರೆ ಅಲ್ಲಿ ಸದ್ದು ಅಡಗುತ್ತದೆ. ತಂತಿ ಮುಟ್ಟಿದ ಕೂಡಲೇ ಕಮ್ಮಿಯಾಗುವ ಚರಪರ ಬೇರೆ ಜಾತಿ, ಫ್ಯಾನ್ ರೆಗ್ಯುಲೇಟರ್ ವಂಶದ್ದು. ಫಾಯಿಲ್ ಉಪಯೋಗಕ್ಕೆ ಬರುವುದು ಇದಕ್ಕೆ. ತಂತಿ ಮುಟ್ಟಿದರೆ ಸದ್ದು ಜಾಸ್ತಿಯಾದರೆ, ಅಥವಾ ಕೈ ಜುಮ್ ಅಂದರೆ, ನುಡಿಸುವುದನ್ನು ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ ಗೋಡೆಯ ಅರ್ಥಿಂಗ್ ನೋಡಿಸಿ. ಅದಕ್ಕೆ ಪಿಕಪ್ಪಿನಲ್ಲಿ ಪರಿಹಾರ ಇಲ್ಲ. ಕಂಪ್ಯೂಟರ್ ಪಕ್ಕ ಕೂತು ಪೂರ್ತಿ ಡಿಸ್ಟಾರ್ಷನ್ನಿನಲ್ಲೇ ನುಡಿಸುವವರು ನಾಚಿಕೆ ಬಿಟ್ಟು ಒಂದರ ಕೆಳಗೊಂದು ಕಾಯಿಲ್ ಇರುವ ನಾಯ್ಸ್‌ಲೆಸ್ ತಗೊಳ್ಳಿ. ಅವು ಎತ್ತರ ಜಾಸ್ತಿ, ಗುಂಡಿಯ ಆಳ ಅಳೆದುಕೊಂಡು ತಗೊಳ್ಳಿ.

ಕೊನೆಗೆ ಆ “ಹಾಕಿಸ್ಬೇಕು”. ಯಾಕೆ ಹಾಕಿಸಬೇಕು, ಹಾಕಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ 40 ವ್ಯಾಟ್ ಐರನ್, 60/40 ಸೋಲ್ಡರ್, ಒಂದು ಮಲ್ಟಿಮೀಟರ್ ತನ್ನಿ. ಬಿಚ್ಚುವ ಮೊದಲು ಫೋನಲ್ಲಿ ಫೋಟೊ. ಬಿಸಿ ವೈರ್ (ಸಿಗ್ನಲ್ ಒಯ್ಯುವುದು) ಸ್ವಿಚ್ಚಿಗೆ, ಗ್ರೌಂಡ್ ವಾಲ್ಯೂಮ್ ಪಾಟಿನ ಬೆನ್ನಿಗೆ. ಬೆನ್ನನ್ನು ಉಪ್ಪುಕಾಗದದಿಂದ ಉಜ್ಜದಿದ್ದರೆ ಸೋಲ್ಡರ್ ಕೆಸುವಿನೆಲೆ ಮೇಲಿನ ನೀರಿನಂತೆ ಉರುಳಿ ಹೋಗುತ್ತದೆ. ಪಿಕಪ್ಪಿನ ತಳದಲ್ಲಿ ವೈರ್ ಬೆಸೆದಿರುವ ಎರಡು ಚಿಕ್ಕ ಗುಂಡಿಗಳ ಹತ್ತಿರ ಕೈ ಆಡಿಸಬೇಡಿ: ಕಾಯಿಲ್‌ನ ತುದಿ ಅಲ್ಲಿಗೆ ಬಂದಿರುತ್ತದೆ, 0.063 ಮಿ.ಮೀ., ತಲೆಗೂದಲಿನಷ್ಟು. ಉಗುರು ತಾಗಿದರೆ ಕತೆ ಮುಗಿಯಿತು. ಎತ್ತರ ಸರಿ ಮಾಡುತ್ತೇನೆ ಅಂತ ಪೋಲ್ ಪೀಸನ್ನು ಒತ್ತಲೂಬೇಡಿ. ಫೈಬರ್ ತಳದ ಹಳೇ ಮಾದರಿಯಲ್ಲಿ ವೈರನ್ನು ಆ ಕೋಲುಗಳ ಮೇಲೇ ಸುತ್ತಿರುತ್ತಾರೆ, ಕೋಲು ಜರುಗಿದರೆ ವೈರ್ ಹರಿಯುತ್ತದೆ.

ಒಂದೇ ಪಿಕಪ್ ಬದಲಿಸಿದವರಿಗೆ ಮೂಗಿನ ದನಿಯ ಶಾಪ ತಗಲುತ್ತದೆ: ಒಂಟಿಯಾಗಿ ಚೆನ್ನಾಗಿದೆ, ಇನ್ನೊಂದರ ಜೊತೆ ಸೇರಿಸಿದರೆ ತೆಳ್ಳಗೆ, ಬಾಸೇ ಇಲ್ಲ. ಎರಡೂ ಎದುರುಬದುರು ಎಳೆಯುತ್ತಿವೆ ಅಂತ ಅರ್ಥ. ಬೆಸೆಯುವ ಮುಂಚೆಯೇ ನೋಡಿಕೊಳ್ಳಬಹುದು. ಮೀಟರನ್ನು 20 ಕೆಗೆ ಇಟ್ಟು ಪಿಕಪ್ಪಿನ ಎರಡು ವೈರಿಗೆ ಹಿಡಿಯಿರಿ. ಸ್ಕ್ರೂಡ್ರೈವರಿನ ಮೈಯನ್ನು ಪೋಲ್ ಪೀಸುಗಳ ಮೇಲೆ ಮೆಲ್ಲಗೆ ಮಲಗಿಸಿ, ಪಟ್ಟನೆ ಎತ್ತಿ. ಅಂಕಿ ಒಂದು ಕ್ಷಣ ಮೇಲಕ್ಕೋ ಕೆಳಕ್ಕೋ ನೆಗೆಯುತ್ತದೆ. ಮೀಟರಿನ ಕೆಂಪು ತುದಿ ಪ್ರತಿ ಸಲವೂ ಬಿಸಿ ವೈರಿಗೇ ಇರಲಿ. ಮೂರೂ ಪಿಕಪ್ಪು ಒಂದೇ ಕಡೆಗೆ ನೆಗೆಯಬೇಕು. ಒಂದು ಮಾತ್ರ ಬೇರೆ ಕಡೆ ನೆಗೆದರೆ ಅದರ ಬಿಳಿ ವೈರನ್ನು ಗ್ರೌಂಡಿಗೂ ಕರಿ ವೈರನ್ನು ಸ್ವಿಚ್ಚಿಗೂ ಬೆಸೆಯಿರಿ. ಇದನ್ನೆಲ್ಲ ತಂತಿ ಏರಿಸುವ ಮೊದಲು ಮಾಡಿ, ಇಲ್ಲದಿದ್ದರೆ ಹೊಸ ಸೆಟ್ ತಂತಿಯ ದುಡ್ಡೂ ಹೋಯಿತು.