ಆನಂದ ಭವನ: ಮಗಳಿಗೆ ಮನೆ, ತಂಗಿಯರಿಗೆ ತವರು

ಬೆಂಗಳೂರಿನಿಂದ ಹೊರಟ ಸಂಘಮಿತ್ರ ರೈಲು ಇಳಿಸುವುದು ಯಮುನೆಯ ಈಚೆಗೆ, ನೈನಿಯ ಮಗ್ಗುಲಿನ ಛಿವಕಿಯಲ್ಲಿ. ಪ್ರಯಾಗರಾಜ ಸೇರಲು ಆಟೊ ಹಿಡಿದು ನದಿ ದಾಟಬೇಕು. ಜೊತೆಗಿಳಿದವರಿಗೆಲ್ಲ ಸಂಗಮದ ಅವಸರ. ನಾನು ಹೊರಟದ್ದು ನೆಹರೂ ಕುಟುಂಬದ ಮನೆಯಾಗಿದ್ದ ಆನಂದ ಭವನಕ್ಕೆ; ನನಗೋ ನೈನಿ ಎಂದರೆ ಮೊದಲು ನೆನಪಾಗುವುದು ಜೈಲು.

ಇಂದಿರೆಗೆ ಹದಿಮೂರು ತುಂಬುವ ಹೊತ್ತಿಗೆ, 1930ರ ಅಕ್ಟೋಬರ್ 26ರಂದು, ನೆಹರೂ ಅಲ್ಲಿಂದ ಕಾಗದ ಬರೆದರು. ಹುಟ್ಟುಹಬ್ಬಕ್ಕೆ ಜೈಲಿನಿಂದ ಏನು ತಾನೇ ಕಳಿಸಲಿ, ಗೋಡೆ ತಡೆಯಲಾಗದಂಥದ್ದೇ ಆಗಬೇಕು ಎನ್ನುವ ಧಾಟಿ ಅದರದು. ಆಮೇಲೆ 1933ರವರೆಗೂ ಕಂತುಕಂತಾಗಿ ಹೋದದ್ದು ಜಗತ್ತಿನ ಇತಿಹಾಸ. ಆ ವಯಸ್ಸಿನ ಹುಡುಗಿಗೆ ಅದು ಉಡುಗೊರೆ ಅನ್ನಿಸಿತೋ, ಮನೆಪಾಠ ಅನ್ನಿಸಿತೋ!

ಆನಂದ ಭವನದ ಕೋಣೆಗಳೊಳಗೆ ಕಾಲಿಡುವಂತಿಲ್ಲ. ಜಗಲಿಯಲ್ಲಿ ನಿಂತು ಗಾಜಿಗೆ ಮೂಗು ಒತ್ತಿ ನೋಡಬೇಕು. ಹಿಂದಿನವರ ಉಸಿರಿಗೆ ಮಬ್ಬಾದ ಗಾಜನ್ನು ಸೆರಗಿನಲ್ಲಿ ಒರೆಸಿದ ಅಜ್ಜಿಯೊಬ್ಬರು, ನೆಹರೂ ಹಾಸಿಗೆ ನೋಡಿ "ಇಷ್ಟೇನಾ?" ಎಂದು ಹಿಂದಿಯಲ್ಲಿ ಸೊಸೆಯನ್ನು ಕೇಳಿದರು. 1942ರಲ್ಲಿ ಇಂದಿರಾ ಮದುವೆ ಆದದ್ದೂ ಇದೇ ಮನೆಯಲ್ಲಿ. ಉಟ್ಟದ್ದು ಅಪ್ಪ ಜೈಲಿನಲ್ಲಿ ತೆಗೆದ ನೂಲಿನ ಖಾದಿ ಸೀರೆ. ತವರಿನ ಸೀರೆ ಎಂದರೆ ಅದು.

ಪಕ್ಕದ ಹಳೆಯ ಮನೆಯನ್ನು ನೆಹರೂ ತಂದೆ ಮೋತಿಲಾಲರು 1930ರಲ್ಲೇ ಕಾಂಗ್ರೆಸ್ಸಿಗೆ ಕೊಟ್ಟಿದ್ದರು. ಈಗಿನ ಸ್ವರಾಜ್ ಭವನ ಅದೇ. ಆಗ ಕಾಂಗ್ರೆಸ್ ಅಧ್ಯಕ್ಷ ಅವರ ಮಗನೇ. ಅಪ್ಪನ ಆಸ್ತಿ ಮಗನ ಕೈಗೇ ಬಂತು, ಆದರೆ ಪಾಲಾಗಿ ಅಲ್ಲ.

ನೆಹರೂ ಉಯಿಲು 1954ರ ಜೂನ್ 21ರದು. ಗಂಗೆಗೆ ಒಂದು ಹಿಡಿ ಬೂದಿ ಎಂಬ ಭಾಗವನ್ನು ಎಲ್ಲರೂ ಹೇಳುತ್ತಾರೆ. ನನಗೆ ಹಿಡಿಸಿದ್ದು ಮನೆಯ ಮಾತು: ಆನಂದ ಭವನ ಮಗಳಿಗೆ, ಆದರೆ ತಂಗಿಯರಿಗೆ, ಅವರ ಮಕ್ಕಳಿಗೆ ಅದರ ಬಾಗಿಲು ಸದಾ ತೆರೆದಿರಬೇಕು, ಇದು ತಮ್ಮದೇ ಮನೆ ಅನ್ನಿಸಬೇಕು. ಸುಮ್ಮನೆ ಬರೆದದ್ದಲ್ಲ ಅನ್ನಿಸುತ್ತದೆ. 1944ರಲ್ಲಿ ಗಂಡ ರಂಜಿತ್ ಪಂಡಿತ್ ತೀರಿಕೊಂಡಾಗ, ಉಯಿಲಿಲ್ಲ, ಇರುವವರು ಹೆಣ್ಣುಮಕ್ಕಳು ಮಾತ್ರ ಎಂಬ ಕಾರಣಕ್ಕೆ ನೆಹರೂ ತಂಗಿ ವಿಜಯಲಕ್ಷ್ಮಿ ಆಸ್ತಿಗಾಗಿ ಗಂಡನ ಕಡೆಯವರೊಡನೆ ಪಡಬಾರದ ಪಾಡು ಪಟ್ಟಿದ್ದರು. ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಈ ಅಣ್ಣ ತನ್ನ ಮನೆಯ ಮಟ್ಟಿಗೆ ತೀರ್ಮಾನ ಮಾಡಿಬಿಟ್ಟಿದ್ದ.

1970ರಲ್ಲಿ ಇಂದಿರಾ ಈ ಮನೆಯನ್ನೂ ದೇಶಕ್ಕೆ ಬಿಟ್ಟುಕೊಟ್ಟರು. ಈಗ ಒಳಗೆ ಹೋಗುವುದಕ್ಕೆ ಟಿಕೆಟ್. ಸೋಮವಾರ ರಜೆ, ಅದನ್ನು ನೋಡಿಕೊಂಡು ಹೊರಡಿ.