ಸೀಮೆಎಣ್ಣೆ ವಾಸನೆಯ ವೈನನ್ನು ಹೇಗೆ ಕುಡಿಯುತ್ತೀರಿ?

ಊರಿನಿಂದ ಬಂದ ಗೆಳೆಯರಿಗೆ ರೀಸ್ಲಿಂಗ್ ಎಂಬ ದ್ರಾಕ್ಷಿಯ ಹಳೆಯ ಬಿಳಿ ವೈನ್ ಬಗ್ಗಿಸಿ ಕೊಟ್ಟಾಗಲೆಲ್ಲ ಗ್ಲಾಸು ಮೂಗಿನವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. "ಸೀಮೆಎಣ್ಣೆ ವಾಸನೆ ಬರುತ್ತಿದೆಯಲ್ಲ, ಕೆಟ್ಟಿರಬೇಕು. ಬಿಳಿ ವೈನನ್ನು ಇಷ್ಟು ವರ್ಷ ಇಡುತ್ತಾರೆಯೇ?"

ವಾಸನೆ ನಿಜ. ನ್ಯಾಯಬೆಲೆ ಅಂಗಡಿಯ ಮುಂದೆ ಡಬ್ಬ ಹಿಡಿದು ನಿಂತು ಬೆಳೆದವರ ಮೂಗು ಈ ವಿಷಯದಲ್ಲಿ ತಪ್ಪುವುದಿಲ್ಲ. ಆದರೆ ವೈನ್ ಕೆಟ್ಟಿಲ್ಲ. ಬಿಸಿಲು ಬಿದ್ದ ದ್ರಾಕ್ಷಿಯಲ್ಲಿ, ಕ್ಯಾರೆಟ್‌ಗೆ ಬಣ್ಣ ಕೊಡುವ ಕ್ಯಾರೊಟಿನಾಯ್ಡ್ ಜಾತಿಯ ವಸ್ತುಗಳು ಒಡೆಯುತ್ತವೆ. ಒಡೆದ ಚೂರುಗಳು ಸಕ್ಕರೆಗೆ ಅಂಟಿಕೊಂಡು, ವಾಸನೆಯೇ ಇಲ್ಲದೆ ಬಾಟಲಿ ಸೇರುತ್ತವೆ. ವೈನಿನ ಹುಳಿ ಅವುಗಳನ್ನು ವರ್ಷಗಟ್ಟಲೆ ಬಿಡಿಸುತ್ತಾ ಹೋಗುತ್ತದೆ. ಆಗ ಹುಟ್ಟುವ ಟಿಡಿಎನ್ ಎಂಬ ವಸ್ತುವೇ ನಿಮ್ಮ ಮೂಗಿಗೆ ಬಡಿದದ್ದು.

ಹೆಚ್ಚಿನ ಬಿಳಿ ವೈನುಗಳನ್ನು ಎರಡು ಮೂರು ವರ್ಷದೊಳಗೆ ಕುಡಿದು ಮುಗಿಸುವುದೇ ಸರಿ. ರೀಸ್ಲಿಂಗ್ ತಾಳಿಕೊಳ್ಳುವುದು ತನ್ನ ಹುಳಿಯಿಂದ. ಆ ಹುಳಿ ಎಲ್ಲಿಂದ ಬಂತೆಂದು ತಿಳಿಯಲು ಜರ್ಮನಿಯ ಮೋಸೆಲ್ ನದಿಯ ದಂಡೆಗೇ ಹೋಗಬೇಕು. 50 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನ ಚಳಿಯ ನಾಡು. ಕಾಯಿ ನಿಧಾನವಾಗಿ ಹಣ್ಣಾಗುತ್ತದೆ, ಹುಳಿ ಉಳಿಯುತ್ತದೆ. ಹಣ್ಣಾಗಲು ಬೇಕಾದಷ್ಟು ಬಿಸಿಲನ್ನು ಇಳಿಜಾರು ಹಿಡಿದುಕೊಡುತ್ತದೆ. ಬ್ರೆಮ್ ಎಂಬ ಹಳ್ಳಿಯ ಕಾಲ್ಮೊಂಟ್ ಗುಡ್ಡದಲ್ಲಿ ಆ ಇಳಿಜಾರು 60 ಡಿಗ್ರಿಯನ್ನೂ ದಾಟುತ್ತದೆ. ಟ್ರ್ಯಾಕ್ಟರಿನ ಮಾತೇ ಇಲ್ಲ, ಕೊಯ್ಲು ಕೈಯಿಂದಲೇ. ಅಂಥ ಜಾಗದಲ್ಲಿ ಬೆನ್ನಿಗೆ ಬುಟ್ಟಿ ಕಟ್ಟಿ ನಿಲ್ಲುವವರನ್ನು ನೋಡಿದ ಮೇಲೆ ಬಾಟಲಿಯ ಬೆಲೆ ಹೆಚ್ಚಾಯಿತೆಂದು ನಾನು ಗೊಣಗಿಲ್ಲ.

ಕಾಲಡಿಯಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ನಾವು ಬಳಪ ಹಿಡಿದು ಅಕ್ಷರ ತಿದ್ದಿದ ಸ್ಲೇಟಿನ ಜಾತಿಯದೇ, ನೀಲಿ ಬೂದು ಬಣ್ಣದ ಚಕ್ಕೆಗಳು. ಹಗಲು ಕಾದದ್ದನ್ನು ರಾತ್ರಿ ಬಳ್ಳಿಗೆ ಕೊಡುತ್ತವೆ. ವೇಲೆನ್ ಹಳ್ಳಿಯೆದುರಿನ ಇಂಥದೇ ಇಳಿಜಾರಿನಲ್ಲಿ 1842ರಲ್ಲಿ ಕಟ್ಟಿದ ನೆರಳು ಗಡಿಯಾರವೊಂದಿದೆ. ತೋಟಕ್ಕೆ ಹೆಸರೂ ಅದರದೇ.

ಆ ತೋಟದ 2001ರ, ಕಾಬಿನೆಟ್ ಎಂಬ ಹಗುರ ಬಗೆಯ ರೀಸ್ಲಿಂಗ್ ಬಾಟಲಿಯೊಂದನ್ನು ಕಳೆದ ಚಳಿಗಾಲದಲ್ಲಿ ತೆರೆದೆ. ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಹೊರಗಿಟ್ಟೆ, ತೀರ ತಣ್ಣಗಿದ್ದರೆ ಅದು ಬಾಯಿ ಬಿಡುವುದಿಲ್ಲ. ಎಳೆಯದಿದ್ದಾಗಿನ ಹಸಿರು ಛಾಯೆ ಹೋಗಿ ಹೊಸ ತುಪ್ಪದ ಬಣ್ಣ ಬಂದಿತ್ತು. ಮೊದಲು ಸೀಮೆಎಣ್ಣೆ. ಗ್ಲಾಸನ್ನು ಮೆಲ್ಲಗೆ ತಿರುಗಿಸಿ ಹತ್ತು ನಿಮಿಷ ಬಿಟ್ಟೆ. ಅದರ ಹಿಂದಿನಿಂದ ಜೇನುಮೇಣ, ಒಣಗಿದ ಕಿತ್ತಳೆ ಸಿಪ್ಪೆ, ಮಳೆ ನಿಂತ ಕಲ್ಲುಚಪ್ಪಡಿ ಒಂದೊಂದಾಗಿ ಬಂದವು. ನಾಲಿಗೆಯ ಮೇಲೆ ಸಿಹಿ ಹುಳಿಗಳು ಹದ ಬಂದ ಗೊಜ್ಜಿನಲ್ಲಿರುವಂತೆ ಬೆರೆತಿದ್ದವು, ಬೆಲ್ಲ ಯಾವುದು ಹುಣಸೆ ಯಾವುದು ಎಂದು ಬಿಡಿಸಲಾಗದ ಹಾಗೆ. ಹೊಸ ಹುಣಸೆ ಚುರುಕ್ಕೆನ್ನುತ್ತದೆ, ಹಳೆಯದು ಆಳಕ್ಕಿಳಿಯುತ್ತದೆ. ಇಲ್ಲಿಯೂ ಹಾಗೆಯೇ ಆಗಿತ್ತು.

ಆದ್ದರಿಂದ ನಿಮಗೆ ಸುರಿದುಕೊಟ್ಟಾಗ ಮೊದಲ ವಾಸನೆಗೇ ಕೆಳಗಿಡಬೇಡಿ. ಹತ್ತು ನಿಮಿಷ ಕೊಡಿ. ಆಗಲೂ ಬೇಡವೆನಿಸಿದರೆ ಗ್ಲಾಸನ್ನು ನನ್ನ ಕಡೆ ಸರಿಸಿ, ಚೆಲ್ಲಬೇಡಿ.